ಎಂಟು ವರ್ಷದ ತಾಯಿಪಾಠ

ಸಂಜೆಯಾಗುತ್ತಿದ್ದಂತೆ ಬೋರ್ನಿಯೋ ದ್ವೀಪದ ಕಾಡಿನಲ್ಲಿ ಒರಾಂಗುಟಾನ್ ತಾಯಿಯೊಂದು ಹಾಸಿಗೆ ಹಾಸಲು ತೊಡಗುತ್ತದೆ. ಎತ್ತರದ ಕೊಂಬೆಯ ಮೇಲೆ ಕುಳಿತು ಸುತ್ತಲಿನ ರೆಂಬೆಗಳನ್ನು ಬಗ್ಗಿಸಿ, ಒಂದರೊಳಗೊಂದು ಹೆಣೆದು, ಮೇಲೆ ಸೊಪ್ಪು ಹರಡುತ್ತದೆ. ಕೆಲವೇ ನಿಮಿಷಗಳಲ್ಲಿ ಹಾಸಿಗೆ ಸಿದ್ಧ. ನಾಳೆಗೆ ಸಾಮಾನ್ಯವಾಗಿ ಬೇರೆ ಮರ, ಬೇರೆ ಹಾಸಿಗೆ. ಪಕ್ಕದ ಮರಿಯೂ ನಾಲ್ಕು ಕಡ್ಡಿ ಬಗ್ಗಿಸಿ ನೋಡುತ್ತದೆ, ಅದು ನಿಲ್ಲುವುದಿಲ್ಲ. ಕೊನೆಗೆ ಅಮ್ಮನ ಮಗ್ಗುಲೇ ಗತಿ.

ಮಲಯ ಭಾಷೆಯಲ್ಲಿ ‘ಒರಾಂಗ್’ ಎಂದರೆ ಮನುಷ್ಯ, ‘ಹುತಾನ್’ ಎಂದರೆ ಕಾಡು. ಈ ಕಾಡುಮನುಷ್ಯ ಸ್ವಾಭಾವಿಕವಾಗಿ ಉಳಿದಿರುವುದು ಬೋರ್ನಿಯೋ ಮತ್ತು ಸುಮಾತ್ರಾಗಳಲ್ಲಿ ಮಾತ್ರ. ಗಂಡು ಒಂಟಿಯಾಗಿ ಅಲೆಯುವ ಪ್ರಾಣಿ. ಮರಿಯ ಹೊಣೆಯೆಲ್ಲ ತಾಯಿಯದೇ. ಬಿರುಟೆ ಗಾಲ್ಡಿಕಾಸ್ ಎಂಬ ವಿಜ್ಞಾನಿ 1971ರಲ್ಲಿ ಬೋರ್ನಿಯೋದ ತಾಂಜುಂಗ್ ಪುಟಿಂಗ್ ಕಾಡು ಸೇರಿ ದಶಕಗಳ ಕಾಲ ಇವುಗಳ ಬೆನ್ನು ಹತ್ತಿದರು. ಇಂಥ ದೀರ್ಘ ಅಧ್ಯಯನಗಳಿಂದ ತಿಳಿದ ಸಂಗತಿಯೆಂದರೆ, ಒಂದು ಮರಿಗೂ ಮುಂದಿನ ಮರಿಗೂ ನಡುವೆ ಸುಮಾರು 7–8 ವರ್ಷಗಳ ಅಂತರ. ಆನೆಗೂ 4–5 ವರ್ಷ ಸಾಕು!

ಇಷ್ಟು ಕಾಲ ಕಲಿಯುವುದೇನು? ಯಾವ ಮರ ಯಾವಾಗ ಹಣ್ಣಾಗುತ್ತದೆ, ಮೈಯೆಲ್ಲ ಮುಳ್ಳಿರುವ ದುರಿಯನ್ ಹಣ್ಣನ್ನು ಬಿಡಿಸುವುದು ಹೇಗೆ, ಹಣ್ಣಿಲ್ಲದ ತಿಂಗಳಲ್ಲಿ ಯಾವ ತೊಗಟೆ ತಿನ್ನಬಹುದು, ಮಳೆ ಬಂದರೆ ಯಾವ ಎಲೆ ತಲೆಗೆ ಹಿಡಿಯಬೇಕು. ಅಮ್ಮ ತಿನ್ನುವಾಗ ಮರಿ ಅವಳ ಬಾಯಿಯ ಹತ್ತಿರವೇ ಮುಖ ತಂದು ದಿಟ್ಟಿಸುತ್ತದೆ. ಬೆತ್ತವಿಲ್ಲ, ಹೋಂವರ್ಕ್ ಇಲ್ಲ, ನೋಡುವುದೇ ಪಾಠ. ಹಣ್ಣಿನ ಬರಗಾಲದಲ್ಲಿ ಎಂಟು ವರ್ಷದ ಮರಿಯೂ ಮತ್ತೆ ಎದೆಹಾಲಿಗೆ ಮರಳುವುದುಂಟೆಂದು 2017ರಲ್ಲಿ ಹಲ್ಲುಗಳ ಪರೀಕ್ಷೆಯಿಂದ ತಿಳಿಯಿತು.

ಹೆಣ್ಣಿಗೆ ಮೊದಲ ಮರಿಯಾಗುವುದು ಹದಿನೈದರ ಆಸುಪಾಸಿನಲ್ಲಿ. ಜೀವಮಾನದಲ್ಲಿ ನಾಲ್ಕೈದು ಮರಿಗಳಾದರೆ ಹೆಚ್ಚು. ಆದ್ದರಿಂದ ಒಂದು ತಾಯಿ ಸತ್ತರೆ ಆ ನಷ್ಟ ಸುಲಭಕ್ಕೆ ತುಂಬುವುದಿಲ್ಲ. ತಾಳೆ ಎಣ್ಣೆಯ ತೋಟಗಳಿಗಾಗಿ ಕಾಡು ಸವರಿದಾಗ ಆಗುವುದು ಇದೇ. ಮರಿ ಹಿಡಿದು ಮಾರುವವರು ಮೊದಲು ತಾಯಿಯನ್ನು ಕೊಲ್ಲುತ್ತಾರೆ. ಬದುಕಿರುವಾಗ ಅದು ಮರಿಯನ್ನು ಬಿಟ್ಟುಕೊಡುವುದಿಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ತರಿಸಿಕೊಳ್ಳುವ ದೇಶ ನಮ್ಮದು. ಮಕ್ಕಳು ಬಿಸ್ಕತ್ತಿನ ಪೊಟ್ಟಣದ ಮೇಲಿನ ಸಣ್ಣಕ್ಷರಗಳನ್ನು ಒಮ್ಮೆ ಓದಿ ನೋಡಬಹುದು.

ಅನಾಥ ಮರಿಗಳಿಗಾಗಿ ಮಲೇಷ್ಯದ ಸೆಪಿಲೋಕ್‌ನಲ್ಲಿ 1964ರಿಂದ ಒಂದು ಕೇಂದ್ರವಿದೆ. ಇಂಥ ಕೇಂದ್ರಗಳಲ್ಲಿ ಮರ ಹತ್ತುವುದನ್ನೂ ತಿನಿಸು ಹುಡುಕುವುದನ್ನೂ ಮನುಷ್ಯರೇ ರೂಢಿ ಮಾಡಿಸುತ್ತಾರೆ. ಇದಕ್ಕೆ ವರ್ಷಗಳೇ ಬೇಕು. ತಾನಾಗಿ ರೆಂಬೆ ಹೆಣೆದು ಹಾಸಿಗೆ ಕಟ್ಟಿಕೊಂಡು, ರಾತ್ರಿ ಮರದ ಮೇಲೆಯೇ ಮಲಗುವುದನ್ನು ಕಲಿತ ಮೇಲೆಯೇ ಮರಿಯನ್ನು ಕಾಡಿಗೆ ಬಿಡುವ ಮಾತು.