ಹೊಗೆಗೊಂದು ದಾರಿ

ಬಂಗಾರಪೇಟೆಯ ನಿಲ್ದಾಣದಲ್ಲಿ ಮಾರಿಕುಪ್ಪದ ಗಾಡಿಯನ್ನು ಹತ್ತುವ ಪರವೂರಿನವರು ಸಾಮಾನ್ಯವಾಗಿ ಚಿನ್ನದ ಮಾತನ್ನೇ ಆಡುವರು. ಹಿಂದೆ ಬೌರಿಂಗ್‌ಪೇಟೆಯೆನಿಸಿದ್ದ ಈ ಊರಿನಿಂದ 1894ರಲ್ಲಿ ಹಾಕಿದ ಆ ಕವಲುದಾರಿ ಹುಟ್ಟಿದುದೇ ಚಿನ್ನಕ್ಕಾಗಿ. ನಾನಾದರೋ ಕಳೆದ ಮಾಘಮಾಸದಲ್ಲಿ ಆ ದಾರಿಯನ್ನು ಹಿಡಿದುದು ಒಂದು ಒಲೆಗಾಗಿ. ವಾಚಕರು ನಗಬಾರದು. ಅಮರಸಿಂಹನು ತನ್ನ ಕೋಶದಲ್ಲಿ ಒಲೆಗೆ ಐದು ಹೆಸರುಗಳನ್ನು ಕೊಟ್ಟಿರುವನು. ಗೃಹಸ್ಥನ ಮನೆಯಲ್ಲಿ ಜೀವಹಿಂಸೆ ನಡೆಯುವ ಐದು ಸ್ಥಾನಗಳನ್ನು ಎಣಿಸಿದ ಮನುವು ಒಲೆಯನ್ನೇ ಮೊದಲು ಹೇಳಿರುವನು. ಅವನೆಣಿಸಿದುದು ಕ್ರಿಮಿಕೀಟಗಳ ಹಿಂಸೆಯನ್ನು. ಒಲೆಯ ಮುಂದೆ ಕುಳಿತವಳ ಎದೆಯ ಮಾತನ್ನು ಆಡಲಿಲ್ಲ.

ನನ್ನ ತಂಗಿಯ ಮಗಳ ಸಂಸಾರವಿರುವುದು ಬಂಗಾರಪೇಟೆಯಲ್ಲಿ. ಅನಿಲದ ಒಲೆಯೂ ಉಂಟು. ಆದರೆ ಹಂಡೆಯ ನೀರು, ಮುದ್ದೆಯ ಎಸರು, ಅವರೆಕಾಳು ಇವೆಲ್ಲವೂ ಸೌದೆಯ ಮೇಲೆಯೇ. ತೋಟದ ಹಿಪ್ಪುನೇರಳೆ ಕಡ್ಡಿ ಬಿಟ್ಟಿಯಾಗಿ ದೊರೆಯುತ್ತಿರುವಾಗ ಕೊಂಡು ತಂದ ಅನಿಲದಲ್ಲಿ ಸ್ನಾನದ ನೀರನ್ನು ಯಾರು ಕಾಯಿಸುವರು? ಎರಡು ವರ್ಷಗಳಿಂದ ಅವಳಿಗೆ ಬಿಡದ ಕೆಮ್ಮು. ಹೊಗೆಯಿಂದ ದೂರವಿರಬೇಕೆಂದು ವೈದ್ಯರು ಹೇಳಿದರು. ಒಲೆಯನ್ನು ಬದಲಾಯಿಸುವುದೆಂದು ನಿಶ್ಚಯವಾಯಿತು. ಯಾವ ಒಲೆಯೆಂಬುದರಲ್ಲಿ ದಂಪತಿಗಳಿಗೆ ಏಕಮತವಿಲ್ಲ. ಸಂತೆಯಲ್ಲಿ ಮಾರುವ, ಎಲ್ಲಿಗೆ ಬೇಕಾದರೂ ಎತ್ತಿಡಬಹುದಾದ ತಗಡಿನ ಒಲೆಯೇ ಸಾಕೆಂದು ಅವಳ ಗಂಡನ ವಾದ. ಹೆಂಚಿನ ಸೂರನ್ನು ತೂತು ಮಾಡಿದರೆ ಮಳೆ ಸೋರುವುದೆಂದು ಅವನ ಭಯ. "ಹೊಗೆ ಮನೆಯಲ್ಲೇ ಉಳಿಯುವುದಾದರೆ ಒಲೆ ಹೊಸದಾಗಿ ಏನು ಬಂತು, ಮಾವ?" ಎಂದು ಅವಳು ನನ್ನನ್ನು ಕೇಳಿದಳು.

ಹೊಗೆಕೊಳವೆಯ ಮಣ್ಣೊಲೆಯನ್ನು ಕಟ್ಟಬಲ್ಲ ಮುದುಕನೊಬ್ಬನು ಗಣಿಯ ಲೈನುಗಳಲ್ಲಿರುವನೆಂದು ಕೇಳಿ ನಾನು ಹೊರಟೆನು. ಊರಗಾಂನಲ್ಲಿ ಇಳಿದು ನಡೆದೆನು. ಜಾನ್ ಟೇಲರ್ ಕಂಪೆನಿಯ ಕಾಲದ ದೊರೆಗಳ ಬಂಗಲೆಗಳ ಮೇಲೆ ಇಂದಿಗೂ ಇಟ್ಟಿಗೆಯ ಹೊಗೆಗೂಡುಗಳುಂಟು. ಸುಮಾರು 2800 ಅಡಿ ಎತ್ತರದ ಈ ಸೀಮೆಯಲ್ಲಿ ವರ್ಷಕ್ಕೆ ಕೆಲವು ವಾರಗಳ ಚಳಿಗಾಗಿ ಅಗ್ಗಿಷ್ಟಿಕೆಯನ್ನು ಕಟ್ಟಿಸಿ, ಅದರ ಹೊಗೆಯನ್ನು ಸೂರಿನ ಮೇಲಕ್ಕೆ ಕಳುಹಿಸಿದರು. ಕೂಲಿಯವರ ಲೈನುಗಳಲ್ಲಿಯೋ, ದಿನವೂ ಎರಡು ಹೊತ್ತು ಒಲೆ ಉರಿದ ಒಂಟಿಕೋಣೆಯ ಮನೆಗಳಲ್ಲಿ, ನಾನು ನೋಡಿದಷ್ಟರ ಮಟ್ಟಿಗೆ, ಹೊಗೆಗೆ ಬಾಗಿಲೇ ದಾರಿ. ಶಿವನಸಮುದ್ರದ ವಿದ್ಯುಚ್ಛಕ್ತಿ 1902ರಲ್ಲಿಯೇ ಈ ಗಣಿಗಳಿಗೆ ಬಂದಿತು. ಮೂರು ಕಿಲೋಮೀಟರಿನ ಆಳದಲ್ಲಿ ದುಡಿಯುವವರಿಗೆ ಒಳ್ಳೆಯ ಗಾಳಿಯನ್ನು ಇಳಿಸಿ ಕೆಟ್ಟ ಗಾಳಿಯನ್ನು ಎತ್ತುವ ವಿದ್ಯೆಯೂ ಇಲ್ಲಿತ್ತು. ಆ ವಿದ್ಯೆ ಅಡಿಗೆಮನೆಯ ಹೊಸಿಲನ್ನು ದಾಟಲಿಲ್ಲ.

ಮುದುಕನು 2001ನೆಯ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೆ ಒಳಗಿಳಿದು ದುಡಿದವನು. ಬಳಿಕ ಗಾರೆಯ ಕೆಲಸವನ್ನು ಹಿಡಿದವನು. "ಗಾಳಿ ಬರೋಕೆ ಒಂದು ದಾರಿ, ಹೋಗೋಕೆ ಒಂದು ದಾರಿ ಸ್ವಾಮಿ, ಗಣಿಗಾದರೂ ಅಷ್ಟೆ, ಒಲೆಗಾದರೂ ಅಷ್ಟೆ" ಎಂದನು. ಕಲ್ಲಿನ ಧೂಳು ಗಂಡಸರ ಎದೆಯನ್ನು ತಿಂದಿತು, ಹೊಗೆ ಹೆಂಗಸರ ಎದೆಯನ್ನು ತಿಂದಿತು. ಧೂಳಿನ ರೋಗಕ್ಕೆ ಸಿಲಿಕೋಸಿಸ್ ಎಂಬ ಹೆಸರಾದರೂ ಇತ್ತು, ಇದಕ್ಕೆ ಅದೂ ಇಲ್ಲ ಎಂದು ತಾನಾಗಿಯೇ ಸೇರಿಸಿದನು.

ಅವನು ಕಟ್ಟುವುದು 'ಅಸ್ತ್ರ ಒಲೆ'. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಗ್ರಾಮಗಳ ಉಪಯೋಗಕ್ಕೆಂದು ಆರಂಭವಾದ 'ಅಸ್ತ್ರ' ಕೇಂದ್ರದ ಕೊಡುಗೆಯಿದು. (ಆ ಹೆಸರು ಆಂಗ್ಲ ಪದಗಳ ಮೊದಲಕ್ಷರಗಳಿಂದಾದುದು. ಅನ್ನ ಬೇಯಿಸುವ ವಸ್ತುವಿಗೆ ಆಯುಧದ ಹೆಸರೇ ಎಂದು ಸಂಸ್ಕೃತದ ಮೇಷ್ಟ್ರಿಗೆ ಬೆರಗಾದುದು ಸಹಜವಷ್ಟೆ.) ಹಳೆಯ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲೊಂದು ಪಾಲಿನಷ್ಟು ಪಾತ್ರೆಯನ್ನು ಸೇರಿದರೆ ಹೆಚ್ಚು. ಇದರಲ್ಲಿ ಸೌದೆ ಮುಚ್ಚಿದ ಗೂಡಿನೊಳಗೆ ಕಬ್ಬಿಣದ ಜಾಲರಿಯ ಮೇಲೆ ಉರಿಯುವುದು. ಗಾಳಿ ಜಾಲರಿಯ ಕೆಳಗಿನಿಂದ ಬರುವುದು. ಉರಿಯು ಮೊದಲ ಪಾತ್ರೆಯನ್ನು ಕಾಯಿಸಿ, ಒಳದಾರಿಯಲ್ಲಿ ಎರಡನೆಯ ಮೂರನೆಯ ಪಾತ್ರೆಗಳ ತಳವನ್ನು ಸವರಿ, ಕೊನೆಗೆ ಕೊಳವೆಯನ್ನು ಸೇರುವುದು. ಎಸರು, ಸಾರು, ಬಿಸಿನೀರು ಮೂರೂ ಒಂದೇ ಉರಿಯಲ್ಲಿ.

ಕಟ್ಟಿಸುವವರು ಪಾತ್ರೆಗಳನ್ನು ಮೊದಲು ಆರಿಸಿ, ಅವುಗಳ ಅಳತೆಗೆ ಒಲೆಯ ಬಾಯಿಗಳನ್ನು ಮಾಡಿಸತಕ್ಕದ್ದು. ಸಂದು ಬಿಟ್ಟರೆ ಹೊಗೆ ಅಲ್ಲಿಯೇ ಹೊರಡುವುದು. ಕೊಳವೆಯ ತುದಿ ಸೂರಿನ ನೆತ್ತಿಗಿಂತ ಎರಡು ಮೂರು ಅಡಿ ಮೇಲಿರಬೇಕು, ಮರದ ತೊಲೆಗೆ ತಾಗಬಾರದು. ಹಿಂದೆ ಕಲ್ನಾರಿನ ಕೊಳವೆಗಳನ್ನು ಹಾಕುತ್ತಿದ್ದರು. ಕಲ್ನಾರಿನ ಎಳೆಯೇ ಶ್ವಾಸಕೋಶಕ್ಕೆ ಕೇಡೆಂದು ಈಗ ತಿಳಿದಿರುವುದರಿಂದ ಸುಟ್ಟ ಮಣ್ಣಿನದನ್ನೋ ತಗಡಿನದನ್ನೋ ಕೇಳುವುದು ಲೇಸು. ಹಸಿ ನೀಲಗಿರಿಯನ್ನು ತುರುಕಿದರೆ ಯಾವ ಒಲೆಯೂ ಹೊಗೆಯಾಡುವುದು. ಮುಖ್ಯವಾಗಿ, ತಿಂಗಳಿಗೊಮ್ಮೆಯಾದರೂ ಕೊಳವೆಯ ಮಸಿಯನ್ನು ತೆಗೆಯಬೇಕು. 1980ರ ದಶಕದಲ್ಲಿ ಸರ್ಕಾರವು ಊರೂರಿನಲ್ಲಿ ಕಟ್ಟಿಸಿದ ಸುಧಾರಿತ ಒಲೆಗಳಲ್ಲಿ ಎಷ್ಟೋ ಒಲೆಗಳು ಈ ಆರೈಕೆಯಿಲ್ಲದೆಯೇ ಹಾಳಾದವು.

ತಗಡಿನ ಒಲೆ ಸೌದೆಯನ್ನು ಉಳಿಸೀತು, ಹೊಗೆಯನ್ನು ಹೊರಗೆ ಹಾಕಲಾರದು ಎಂದು ನಾನು ಅಳಿಯನಿಗೆ ಹೇಳಿದೆನು. ಮುದುಕನು ಬಂದು ಎರಡು ದಿನಗಳಲ್ಲಿ ಒಲೆಯನ್ನು ಕಟ್ಟಿದನು. ಅದು ಒಣಗಲು ಎರಡು ವಾರ ಬಿಟ್ಟರು. ಸೂರು ತೂತಾದ ಕಡೆ ಕೊಳವೆಗೆ ತಗಡಿನ ಕೊರಳಪಟ್ಟಿಯನ್ನು ತೊಡಿಸಿ ಗಾರೆ ಮೆತ್ತಿದುದಾಯಿತು. ಮೇ ತಿಂಗಳ ಮಳೆಗೆ ಅಲ್ಲಿ ಸ್ವಲ್ಪ ಸೋರಿತಂತೆ. ಅಳಿಯನೇ ಹತ್ತಿ ಇನ್ನೊಮ್ಮೆ ಮೆತ್ತಿದನಂತೆ. ಕೆಮ್ಮು ಇನ್ನೂ ಪೂರ್ತಿಯಾಗಿ ಬಿಟ್ಟಿಲ್ಲ, ರಾತ್ರಿ ನಿದ್ದೆ ಮಾತ್ರ ಬರುತ್ತಿದೆ ಎಂದು ಹುಡುಗಿ ಬರೆದಿರುವಳು.