ಹುಳುಗಳ ಹೆಸರಿನ ಪತ್ರಿಕೆ

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಜೇಮ್ಸ್ ಮೆಕಾನೆಲ್ ಅವರು, ಪ್ಲನೇರಿಯನ್ ಎಂಬ ಚಪ್ಪಟೆ ಹುಳುಗಳಿಗೆ ಪಾಠ ಕಲಿಸುವ ತಮ್ಮ ಪ್ರಯೋಗಗಳನ್ನು ಕುರಿತು ಶಾಲಾಬಾಲಕರು ಬರೆಯುತ್ತಿದ್ದ ಪತ್ರಗಳಿಗೆ ಉತ್ತರರೂಪವಾಗಿ 1959ರಲ್ಲಿ ಹೊರಡಿಸಿದ ಪತ್ರಿಕೆಯ ಹೆಸರು ‘ವರ್ಮ್ ರನ್ನರ್ಸ್ ಡೈಜೆಸ್ಟ್’. ಗಂಭೀರ ಪ್ರಬಂಧಗಳೊಡನೆ ವಿನೋದಲೇಖನಗಳೂ ಬೆರೆತು ಬರುತ್ತಿದ್ದುದರಿಂದ, ಯಾವುದು ಶಾಸ್ತ್ರ ಯಾವುದು ಪರಿಹಾಸವೆಂದು ತಿಳಿಯದೆ ವಿದ್ವಾಂಸರು ದೂರಿಕೊಳ್ಳಲು, ಅವರು ವಿನೋದಭಾಗವನ್ನು ಹಿಂಬದಿಯಲ್ಲಿ ತಲೆಕೆಳಗಾಗಿ ಅಚ್ಚುಹಾಕಿಸಿ, ಮುಂಬದಿಗೆ ‘ಜರ್ನಲ್ ಆಫ್ ಬಯಲಾಜಿಕಲ್ ಸೈಕಾಲಜಿ’ ಎಂಬ ಘನವಾದ ಹೆಸರನ್ನಿತ್ತರು. ಎಂತಹ ಸೊಗಸಾದ ಪರಿಹಾರ! ಕಲಿತ ಹುಳುವನ್ನು ತಿಂದ ಹುಳುವಿಗೂ ಆ ಕಲಿಕೆ ಸಂಕ್ರಮಿಸುವುದೆಂಬ ಅವರ ವಾದವು ಅನ್ಯ ಪ್ರಯೋಗಶಾಲೆಗಳಲ್ಲಿ ಸ್ಥಿರವಾಗಿ ದೃಢಪಡಲಿಲ್ಲವಾದರೂ, ನಗೆಗೂ ವಿಜ್ಞಾನಕ್ಕೂ ಒಂದೇ ರಟ್ಟಿನೊಳಗೆ ಎಡೆಗೊಟ್ಟ ಆ ಸಂಪಾದಕರಲ್ಲಿ ನನಗೆ ಅಪಾರ ಗೌರವವಿದೆ.