ಬಿಸಿಲಿಗೊಂದು ಕೋಣೆ

ಚಿಕ್ಕ ಮನೆಯಲ್ಲಿ ಸ್ಥಳದ ಅಭಾವವನ್ನು ಎಲ್ಲರೂ ಬೇಗನೆ ಗುರುತಿಸುವರು. ಬಿಸಿಲಿನ ಅಭಾವವನ್ನು ಬಲ್ಲವರು ಹಗಲೆಲ್ಲ ಮನೆಯಲ್ಲಿಯೇ ಇರತಕ್ಕವರು ಮಾತ್ರ. ಬೆಳಗ್ಗೆ ಉದ್ಯೋಗಕ್ಕೆ ಹೊರಟು ಕತ್ತಲಾದ ಮೇಲೆ ಹಿಂದಿರುಗುವ ಯಜಮಾನನು ದೀಪದ ಬೆಳಕಿನಲ್ಲಿಯೇ ತನ್ನ ಮನೆಯನ್ನು ಕಾಣುವನಾದುದರಿಂದ, ಆ ಕೊರತೆಯು ಅವನಿಗೆ ತೋರದು. ಮುದುಕರು, ಬಾಣಂತಿಯರು, ಎಳೆಯ ಮಕ್ಕಳು ಅದನ್ನು ಅನುಭವಿಸುವರು. ಮನೆಯ ನಕ್ಷೆಯನ್ನು ಬರೆಯಿಸುವಾಗ ಅವರ ಅಭಿಪ್ರಾಯವನ್ನು ಕೇಳುವುದು ಅಪೂರ್ವ.

ಪೂರ್ವಕಾಲದ ತೊಟ್ಟಿಯ ಮನೆಗಳಲ್ಲಿ ಬಿಸಿಲಿಗೆ ಪ್ರತ್ಯೇಕವಾದ ಕೋಣೆ ಬೇಕಾಗಿರಲಿಲ್ಲ. ನಡುವಣ ಅಂಗಳವು ಆಕಾಶಕ್ಕೆ ತೆರೆದಿರುತ್ತಿದ್ದು, ಸೂರ್ಯನು ಏರಿದಂತೆಲ್ಲ ಬಿಸಿಲು ಒಂದು ಪಡಸಾಲೆಯಿಂದ ಮತ್ತೊಂದಕ್ಕೆ ಸರಿಯುತ್ತಿತ್ತು. ಅದರೊಡನೆ ಅಜ್ಜಿಯ ಮಣೆಯೂ ಸರಿಯುತ್ತಿತ್ತು. ಬೀದಿಯ ಕಡೆಗೆ ಜಗಲಿಯಿತ್ತು. ಕತ್ತಲೆಯ ಒಳಮನೆಗೆ ಗವಾಕ್ಷಿಯೋ ಗಾಜಿನ ಹೆಂಚೋ ಬೆಳಕನ್ನು ಇಳಿಸುತ್ತಿತ್ತು.

ಕೆಂಪೇಗೌಡರು 1537ರಲ್ಲಿ ಬೆಂಗಳೂರನ್ನು ಕಟ್ಟುವುದಕ್ಕೆ ಮುಂಚೆಯೇ ಅವರ ವಂಶಕ್ಕೆ ನೆಲೆಯಾಗಿದ್ದ ಯಲಹಂಕವು ಇಂದು ಆ ನಗರದೊಳಗೇ ಸೇರಿಹೋಗಿದೆ. ಅಲ್ಲಿಯಾಗಲಿ ಹೆಬ್ಬಾಳ, ಯಶವಂತಪುರಗಳ ಸುತ್ತಿನಲ್ಲಿಯಾಗಲಿ 30 ಅಡಿ ಅಗಲ, 40 ಅಡಿ ಉದ್ದದ ನಿವೇಶನವನ್ನು ಪಡೆದವನು ಭಾಗ್ಯಶಾಲಿಯೇ ಸರಿ. ಆದರೆ ಆ 1200 ಚದರಡಿಯಲ್ಲಿ ತೊಟ್ಟಿಗೆ ಎಡೆಯೆಲ್ಲಿ? ಪಕ್ಕದ ಮನೆಯು ಮೂರು ಅಂತಸ್ತು ಏರಿತೆಂದರೆ ಕಿಟಕಿಗೆ ಗೋಡೆಯೇ ನೋಟವಾಗುವುದು. ಬಿಸಿಲು ತಾರಸಿಯನ್ನು ಸೇರುವುದು. ಹಪ್ಪಳ ಸಂಡಿಗೆಗಳನ್ನು ಅದರ ಹಿಂದೆಯೇ ಮೇಲಕ್ಕೆ ಒಯ್ಯಬಹುದು. ಮೊಣಕಾಲು ನೋವಿನ ತಾಯಿಯು ಆ ಮೆಟ್ಟಲುಗಳನ್ನು ಏರಲಾರಳು.

ಈ ಕೊರತೆಯನ್ನು ನೀಗುವುದಕ್ಕಾಗಿ ಸುತ್ತಲೂ ಮೇಲೆಯೂ ಗಾಜನ್ನು ಹೊದಿಸಿದ ಕೋಣೆಯನ್ನು ಕಟ್ಟಿಸುವ ಆಸೆ ಕೆಲವರಿಗೆ ಹುಟ್ಟುವುದುಂಟು. ಅದು ಶೀತದೇಶಗಳ ಪದ್ಧತಿ. ಅಲ್ಲಿ ಚಳಿಗಾಲದ ಸೂರ್ಯನು ದಿಗಂತದ ಬಳಿಯಲ್ಲಿಯೇ ಸುಳಿದು ಮರೆಯಾಗುವನಾದುದರಿಂದ ಅವನ ಕಾವನ್ನು ಗಾಜಿನಲ್ಲಿ ಸೆರೆಹಿಡಿಯುವುದು ಯುಕ್ತವೇ. ಬೆಂಗಳೂರು ಇರುವುದು 13ನೆಯ ಅಕ್ಷಾಂಶದ ಬಳಿಯಲ್ಲಿ. ಏಪ್ರಿಲಿನ ಕಡೆಯ ವಾರದಲ್ಲಿಯೂ ಆಗಸ್ಟಿನ ಮೂರನೆಯ ವಾರದಲ್ಲಿಯೂ ಸೂರ್ಯನು ಇಲ್ಲಿ ನೆತ್ತಿಯ ಮೇಲೆಯೇ ಹಾದುಹೋಗುವನು. 1889ರಲ್ಲಿ ಅಸ್ತಿಭಾರವನ್ನು ಪಡೆದ ಲಾಲ್‌ಬಾಗಿನ ಗಾಜಿನ ಮನೆಯು ಪುಷ್ಪಪ್ರದರ್ಶನಕ್ಕೆ ಶೋಭೆಯನ್ನು ಕೊಡುತ್ತದೆ. ಅದನ್ನು ಕಂಡು ಚಿಕ್ಕ ಕೋಣೆಗೆ ಗಾಜಿನ ಚಾವಣಿಯನ್ನು ಹೊದಿಸಿದರೆ, ಬೇಸಗೆಯಲ್ಲಿ ಅದರ ಕೆಳಗೆ ಕುಳಿತವರ ಪಾಡು ಹೇಳತಕ್ಕದ್ದಲ್ಲ.

ಇಲ್ಲಿಗೆ ಬೇಕಾದುದು ಸೂರ್ಯನನ್ನು ಆದರದಿಂದ ಬರಮಾಡಿಕೊಂಡು, ಹೊತ್ತಾದ ಮೇಲೆ ಬೀಳ್ಕೊಡಬಲ್ಲ ಕೋಣೆ. ಡಿಸೆಂಬರಿನಲ್ಲಿ ಸೂರ್ಯನು ಮೂಡಣಿಂದ ಸುಮಾರು 24 ಅಂಶಗಳಷ್ಟು ದಕ್ಷಿಣಕ್ಕೆ ಸರಿದು ಹುಟ್ಟುವನಾದುದರಿಂದ, ಚಳಿಗಾಲದ ಎಳೆಬಿಸಿಲು ಆಗ್ನೇಯ ಮೂಲೆಗೆ ಚೆನ್ನಾಗಿ ದೊರೆಯುವುದು. ವಾಸ್ತುಶಾಸ್ತ್ರವು ಆ ದಿಕ್ಕನ್ನು ಅಡಿಗೆಯ ಮನೆಗೆ ಕೊಟ್ಟಿದೆ. ಅಡಿಗೆಯ ಮನೆಯನ್ನು ಕೊಂಚ ಒಳಕ್ಕೆ ಸರಿಸಿ, ಅದರ ಹೊರಮೂಲೆಯಲ್ಲಿ 8 ಅಡಿ ಉದ್ದ, 6 ಅಡಿ ಅಗಲದ ಎಡೆಯನ್ನು ಬಿಟ್ಟರೆ ಶಾಸ್ತ್ರಕ್ಕೂ ಭಂಗವಿಲ್ಲ. ನಡುವಣ ಗೋಡೆಯನ್ನು ಸೊಂಟದೆತ್ತರಕ್ಕೆ ನಿಲ್ಲಿಸಿದರೆ ಬೆಳಕೂ ಮಾತೂ ಎರಡು ಕಡೆಗೂ ಹರಿಯುವುವು.

ದಕ್ಷಿಣದ ಕಿಟಕಿಯ ಮೇಲೆ 2 ಅಡಿಯ ಸಜ್ಜವಿರಲಿ. ಮಾರ್ಚಿ ಕಡೆಯ ನಡುಹಗಲಿನಲ್ಲಿ ಅದರ ನೆರಳು 8 ಅಡಿಗೂ ಮಿಕ್ಕು ಕೆಳಗಿಳಿದು ಕಿಟಕಿಯನ್ನೆಲ್ಲ ಕಾಯುವುದು. ಡಿಸೆಂಬರಿನಲ್ಲಿ 3 ಅಡಿಯೊಳಗೇ ನಿಂತು ಬಿಸಿಲಿಗೆ ದಾರಿಯನ್ನು ಬಿಡುವುದು. ಹಿಂಗಾರಿನ ಗಾಳಿಮಳೆ ಮೂಡಣಿಂದ ಬರುವುದರಿಂದ ಪೂರ್ವದ ಕಿಟಕಿಗೆ ಭದ್ರವಾದ ಬಾಗಿಲುಗಳು ಬೇಕು. ಅವು ಪೂರ್ತಿಯಾಗಿ ತೆರೆಯುವಂಥವೂ ಆಗಿರಬೇಕು. ಗಾಜು ಬೆಳಕನ್ನೂ ಕಾವನ್ನೂ ಒಳಕ್ಕೆ ಬಿಟ್ಟರೂ, ಚರ್ಮದಲ್ಲಿ ‘ಡಿ’ ಜೀವಸತ್ವವನ್ನು ಉಂಟುಮಾಡುವ ಕಿರಣಗಳನ್ನು ತಡೆದುಬಿಡುವುದು. ಆ ಕಿರಣಗಳು ಹೊತ್ತೇರಿದ ಬಿಸಿಲಿನಲ್ಲಿಯೇ ಹೆಚ್ಚು. ಮುಚ್ಚಿದ ಗಾಜಿನ ಹಿಂದೆ ವರ್ಷವೆಲ್ಲ ಕುಳಿತರೂ ಎಲುಬಿಗೆ ಆ ಪ್ರಯೋಜನ ದೊರೆಯದು.

ಉಳಿದ ಸಜ್ಜಿಕೆಗೆ ಹೆಚ್ಚು ವೆಚ್ಚವಿಲ್ಲ. ಸುಣ್ಣದ ಬಿಳಿಯ ಗೋಡೆ, ಕೆಂಪು ಗಾರೆಯ ನೆಲ, ಗೋಡೆಯುದ್ದಕ್ಕೂ ಒಂದೂವರೆ ಅಡಿ ಎತ್ತರದ ಕಟ್ಟೆ, ಅದರ ಕೆಳಗೆ ಸಾಮಾನಿಗೆ ಗೂಡು, ಮೇಲೆ ಒಂದು ಜಮಖಾನ: ಇಷ್ಟಾದರೆ ಇಬ್ಬರು ಎದುರುಬದರಾಗಿ ಕುಳಿತು ಅವರೆಕಾಯಿಯನ್ನು ಸುಲಿಯಬಹುದು.

ಕಷ್ಟವಿರುವುದು ಆ 48 ಚದರಡಿಯನ್ನು ಬಿಟ್ಟುಕೊಡುವುದರಲ್ಲಿ. “ಅಷ್ಟು ಜಾಗದಲ್ಲಿ ಎರಡು ಸ್ಕೂಟರು ನಿಲ್ಲುತ್ತವಲ್ಲ, ಸ್ವಾಮಿ” ಎಂದು ಮೇಸ್ತ್ರಿಯು ಹೇಳುವನು. ಬಾಡಿಗೆಯ ಕೋಣೆಯನ್ನು ಹಿಗ್ಗಿಸಿದರೆ ತಿಂಗಳಿಗಿಷ್ಟೆಂದು ಯಜಮಾನನ ಮನಸ್ಸೂ ಎಣಿಸುವುದು; ಸಾಲದ ಕಂತನ್ನು ಕಟ್ಟುವವನ ಆ ಎಣಿಕೆಯನ್ನು ಹಗುರವಾಗಿ ಕಾಣಲಾಗದು. ತಾಯಿಯಾದವಳೋ ತನಗೆ ಬಿಸಿಲು ಬೇಕೆಂದು ಬಾಯಿಬಿಟ್ಟು ಕೇಳುವವಳಲ್ಲ. “ನನಗೇನಪ್ಪ, ಒಂದು ಮೂಲೆ ಸಾಕು” ಎನ್ನುವಳು. ಆ ಮೂಲೆ ಯಾವುದೆಂಬುದನ್ನು ಮಗನೇ ಗೊತ್ತುಮಾಡಬೇಕು. ನಿಯಮದಂತೆ ಎಲ್ಲೆಯಲ್ಲಿ ಬಿಡತಕ್ಕ ತೆರಪನ್ನು ಅವನು ಕಬಳಿಸದೆ ಉಳಿಸಿದರೆ, ಪಕ್ಕದ ಮನೆಯ ಮುದುಕಿಗೂ ಒಂದಷ್ಟು ಬೆಳಕು ದಕ್ಕುವುದು.

ನಕ್ಷೆಯನ್ನು ಬರೆಯಿಸುವ ಮುನ್ನ ಮಾಗಿಯ ಒಂದು ದಿನ ನಿವೇಶನದಲ್ಲಿ ನಿಂತು ಬಿಸಿಲು ಎಲ್ಲಿ ಬೀಳುವುದೆಂಬುದನ್ನು ನೋಡುವುದು ಒಳ್ಳೆಯದು; ಹಗಲು ಹತ್ತು ಗಂಟೆಗೆ ಆ ಮನೆಯಲ್ಲಿ ಯಾರು ಇರುವರೆಂಬುದನ್ನು ಆಲೋಚಿಸುವುದು ಇನ್ನೂ ಒಳ್ಳೆಯದು.